ಬಿಕ್ಕಳಿಕೆಗೆ ಮದ್ದು

ಬೋಳಾರದ ನಮ್ಮ ಬಾಡಿಗೆ ಮನೆಯಲ್ಲಿ
ಮದ್ದಿನ ಕಪಾಟು ಎಂಬುದಿರಲಿಲ್ಲ.
ಬಚ್ಚಲ ನೀರು ಹರಿಯುವಲ್ಲಿ ಒಂದು ಒಡಕು ಕೊಡಪಾನ,
ಅದರ ತುಂಬ ಸಾಂಬ್ರಾಣಿ ಗಿಡ.
ಕಿಟಿಕಿಯ ದಳಿಯಲ್ಲಿ ಬಜೆಯ ತುಂಡು:
ಅಣ್ಣ (ಅವನು ಉಳಿಯಲಿಲ್ಲ), ನಾನು, ತಮ್ಮ ಲೋಕು,
ಮೂರು ನಾಲಿಗೆಗೆ ತೇದು ತೇದು
ಹೆಬ್ಬೆರಳಷ್ಟಿದ್ದದ್ದು ಉಗುರಷ್ಟಾಗಿತ್ತು.

ಉಳಿದ ಮದ್ದೆಲ್ಲ ಗೋಡೆಯಾಚೆ.
ಹೊಟ್ಟೆ ಹಿಡಿದರೆ ಆಯಿಸಮ್ಮನ ಓಮದ ನೀರು,
ಕಿವಿ ನೋವಿಗೆ ಸಿಸಿಲ್ಯಾ ಬಾಯಿಯ ಬೆಳ್ಳುಳ್ಳಿ ಎಣ್ಣೆ,
ಬೆಚ್ಚಗೆ, ಎರಡೇ ಬಿಂದು.
ಗ್ಲಾಸು ಬರಿದಾಗಿ ಹಿಂದೆ ಹೋಗಬಾರದೆಂದು
ಒಂದು ಹಿಡಿ ಪುನರ್ಪುಳಿ ಸಿಪ್ಪೆಯಾದರೂ
ಹಾಕಿ ಕಳಿಸುತ್ತಿದ್ದಳು ಅಮ್ಮ.

ಅವಳ ಕೈಗೆ ಪುರುಸೊತ್ತಿಲ್ಲ.
ಮಡಿಲಲ್ಲಿ ತಡ್ಪೆ, ಎಲೆ, ಹೊಗೆಸೊಪ್ಪಿನ ಹುಡಿ, ಕೆಂಪು ನೂಲು;
ಶನಿವಾರದೊಳಗೆ ಬ್ರಾಂಚಿಗೆ ಕೊಡಬೇಕು ಆರು ಸಾವಿರ.
ಜ್ವರ ಬಂತೆಂದು ಹತ್ತಿರ ಹೋದರೆ
ಬೆರಳು ತಾಗಿಸದೆ, ಬಾಗಿ,
ಕೆನ್ನೆಗೆ ಕೆನ್ನೆ ಒತ್ತಿ ನೋಡುವಳು.
ಹೊಗೆಸೊಪ್ಪಿನ ಘಾಟಿನಲ್ಲೇ ಅರ್ಧ ಇಳಿಯುತ್ತಿತ್ತು
ಎಂದು ನಾನೀಗ ಹೇಳಿದರೆ ಮೊಮ್ಮಗಳು ನಗುತ್ತಾಳೆ.

ಆಟಿ ಅಮಾವಾಸ್ಯೆಗೆ ಹಾಲೆ ಕೆತ್ತೆಯ ಕಷಾಯ,
ಮೂಗು ಹಿಡಿದು ನುಂಗಿದವರಿಗೆ ಮಾತ್ರ ಮೆಂತೆ ಗಂಜಿ.
ಕೆತ್ತೆ ತರುವವನು ಅಪ್ಪ,
ಕತ್ತಲಿರುವಾಗಲೇ, ಕತ್ತಿಯಿಲ್ಲದೆ, ಕಲ್ಲಲ್ಲಿ ಜಜ್ಜಿ.
ಅವನ ಕೆಮ್ಮಿಗೆ ಮಾತ್ರ ಯಾವುದೂ ನಾಟಲಿಲ್ಲ.
ಆಡುಸೋಗೆ, ಕಾಳುಮೆಣಸು, ಕಲ್ಲುಸಕ್ಕರೆ,
ಸಿಸಿಲ್ಯಾ ಬಾಯಿ ಸೆರಗಲ್ಲಿ ಮುಚ್ಚಿ ತಂದ ಒಂದು ಚಮಚ ಬ್ರಾಂಡಿ.
ಹಂಚಿನ ಕಾರ್ಖಾನೆಯ ಧೂಳಿಗೆ ಹಿತ್ತಿಲಲ್ಲಿ ಗಿಡವಿರಲಿಲ್ಲ.

ಬಿಕ್ಕಳಿಕೆಗೆ ಗಿಡವೇ ಬೇಡ.
ಅಮ್ಮ ಬೀಡಿ ಕಟ್ಟುತ್ತಲೇ, ತಲೆಯೆತ್ತದೆ,
ಥಟ್ಟನೆ ಕೇಳುವಳು:
“ಅಕ್ಕಿ ಡಬ್ಬದ ನಾಲ್ಕಾಣೆ ಕದ್ದದ್ದು ಯಾರು? ನೀನೇ ಅಲ್ವಾ?”
“ಅಯ್ಯೋ, ನಾನಲ್ಲ!” ಎನ್ನುವಷ್ಟರಲ್ಲಿ
ಬಿಕ್ಕಳಿಕೆ ಹೋದ ದಾರಿ ತಿಳಿಯುತ್ತಿರಲಿಲ್ಲ.
ಲೋಕುವಿಗೆ ಅದೇ ಪ್ರಶ್ನೆ. ಆಯಿಸಮ್ಮನ ಮಕ್ಕಳಿಗೂ ಅದೇ.
ಒಮ್ಮೆ ಅಪ್ಪನಿಗೂ; ಅವನು ಕಿಸೆ ಮುಟ್ಟಿ ನೋಡಿಕೊಂಡ.

ನಾನು ಐದನೆಯ ಕ್ಲಾಸಿನಲ್ಲಿದ್ದ ವರ್ಷ
ನಿಜಕ್ಕೂ ಕದ್ದೆ.
ನಾಲ್ಕಾಣೆಯಲ್ಲ, ಎಂಟಾಣೆ.
ಶಾಲೆಯ ಗೇಟಿನಲ್ಲಿ ಕೆಂಪು ಐಸ್ ಕ್ಯಾಂಡಿ,
ಒಂದಲ್ಲ, ಒಂದರ ಹಿಂದೆ ಒಂದು.
ಸಂಜೆ ಗಂಟಲು ಕಟ್ಟಿತು, ರಾತ್ರಿ ಬಿಕ್ಕಳಿಕೆ ಹಿಡಿಯಿತು.
“ನಾಲ್ಕಾಣೆ ಕದ್ದದ್ದು ನೀನೇ ಅಲ್ವಾ?”
ನಾನು ದೇವರಾಣೆ ಹಾಕಿದೆ: ನಾಲ್ಕಾಣೆ ಕದ್ದಿಲ್ಲ.
ಸುಳ್ಳಲ್ಲ.
ಬಿಕ್ಕಳಿಕೆ ನಿಂತಿತು.
ಅಮ್ಮನ ಕತ್ತರಿಯೂ ಒಂದು ಗಳಿಗೆ ನಿಂತಿತೋ ಏನೋ.
“ನೋಡು, ಹೋಯ್ತು” ಎಂದಳು.
ಅಂದಿನ ಕಷಾಯಕ್ಕೆ ಮೆಣಸು ಖಾರ ಹೆಚ್ಚಿತ್ತು.
ಬೆಲ್ಲ ಹಾಕಲಿಲ್ಲ.

ನಲವತ್ತೆಂಟು ವರ್ಷ ಆ ಮಾತು ಹಾಗೇ ಇತ್ತು.

ವೆನ್ಲಾಕಿನ ಹೆಂಗಸರ ವಾರ್ಡಿನಲ್ಲಿ
ಅಮ್ಮನಿಗೆ ಮೂರು ದಿನದಿಂದ ಬಿಕ್ಕಳಿಕೆ.
ಡಾಕ್ಟರು ಇಂಜೆಕ್ಷನ್ ಬರೆದರು, ನಳಿಗೆ ಬದಲಿಸಿದರು,
ಕಿಡ್ನಿಯ ಮಾತಾಡಿದರು.
ಪ್ರತಿ ಬಿಕ್ಕಿಗೂ ಕಬ್ಬಿಣದ ಮಂಚ ಸಣ್ಣಗೆ ಕಿರುಗುಟ್ಟುತ್ತಿತ್ತು.
ಪಕ್ಕದ ಬೆಡ್ಡಿನವಳ ಮಗಳು ಕೇಳಿಸಿಕೊಳ್ಳುತ್ತಾಳೆಂದು
ಮೊದಲು ನಾಚಿಕೆಯಾಯಿತು.
ಮತ್ತೆ ಬಾಗಿ, ಕೆನ್ನೆಗೆ ಕೆನ್ನೆ ಒತ್ತಿ,
ಕಿವಿಯಲ್ಲಿ ಕೇಳಿದೆ:
“ಅಮ್ಮಾ, ಅಕ್ಕಿ ಡಬ್ಬದ ನಾಲ್ಕಾಣೆ ಕದ್ದದ್ದು
ನೀನೇ ಅಲ್ವಾ?”

ಬಿಕ್ಕಳಿಕೆ ನಿಲ್ಲಲಿಲ್ಲ.
ಎಡಗಣ್ಣು ಮಾತ್ರ ತುಸು ತೆರೆಯಿತು,
ಎಲೆ ಕತ್ತರಿಸುವಾಗ ಅಳತೆ ನೋಡುತ್ತಿದ್ದ ಕಣ್ಣು.
ತುಟಿ ಒಣಗಿತ್ತು; ಹತ್ತಿಯಲ್ಲಿ ನೀರು ತಾಗಿಸಿದೆ.

“ಎಂಟಾಣೆ,” ಎಂದಳು.