ಮೂಗಿಗೆ ಸ್ಟ್ರಾಬೆರಿ

ಟ್ರೊಮ್ಸೊದ ಜನವರಿ; ಹತ್ತು ಗಂಟೆಗೂ ಬೀದಿದೀಪ.
ಆರು ವರ್ಷದ ಸುನ್ನಿವಾ ಕೋಟು ಬಿಚ್ಚಲೊಲ್ಲಳು,
ಟೋಪಿಯನ್ನೂ.
ಬಾಯಿಗೆ ಬೀಗ, ಕೀಲಿ ಕೈಗವಸಿನೊಳಗೆ.

ಡಾಕ್ಟರ್ ಇಂಗ್‌ವಿಲ್ಡ್ ಅಪ್ಪನಿಗೆ ಬಿಡಿಸಿ ಹೇಳುತ್ತಾಳೆ:
ಕಹಿ ಸಿರಪ್ಪೊಂದಿದೆ, ಕುಡಿದರೆ ಮಂಪರು,
ಸಂಜೆಯವರೆಗೂ ನಡಿಗೆ ತಡವರಿಸೀತು, ಕೈ ಬಿಡಬಾರದು.
ಪೂರ್ತಿ ನಿದ್ದೆಯೆಂದರೆ ಆಸ್ಪತ್ರೆ; ಸರದಿ ಏಪ್ರಿಲ್‌ಗೆ,
ಹುಳುಕಿಗೆ ಸರದಿ ಗೊತ್ತಿಲ್ಲ.
ಇಲ್ಲವೇ, ಈ ಗಾಳಿ.

ಟೂರ್‌ಗೈರ್ ಕೇಳಿಸಿಕೊಂಡನೋ ಇಲ್ಲವೋ.
ಕಡಲಿಗಿಳಿಯುವ ಆಳು, ಕುರ್ಚಿಯನ್ನೇ ನೋಡುತ್ತಿದ್ದ.
"ನಮ್ಮ ಶಾಲೆಗೆ ಬರುತ್ತಿದ್ದವನು ಎದೆಗೆ ಮೊಣಕಾಲೂರುತ್ತಿದ್ದ,"
ಎಂದ, ಯಾರಿಗೂ ಅಲ್ಲವೆಂಬಂತೆ.
ಸಹಿ ಹಾಕುವಾಗ ಪೆನ್ನು ಎರಡು ಸಲ ಜಾರಿತು.

ನಾನು ಮೂಗಿಗೆ ಮಾಸ್ಕು ಹಿಡಿಯುವವಳು, ಹನ್ನೊಂದು ವರ್ಷದಿಂದ.
ಕಿತ್ತಳೆಯೋ ಸ್ಟ್ರಾಬೆರಿಯೋ, ಎಂದೆ.
ಬಹಳ ಹೊತ್ತಿನ ಮೇಲೆ
ಒಂದು ಬೆರಳು ಹೊರಬಂದು ಕೆಂಪು ತೋರಿಸಿತು.

ನಗೆಗಾಳಿ ಅಂತಾರೆ. ನಕ್ಕವರನ್ನು ನಾನು ಕಂಡದ್ದು ಕಡಿಮೆ.
ಭುಜ ಇಳಿಯುತ್ತದೆ, ಅಷ್ಟೆ;
ಮುಷ್ಟಿಗೆ ತಾನು ಮುಷ್ಟಿಯೆಂಬುದು ಮರೆತುಹೋಗುತ್ತದೆ.
"ನನ್ನ ಕಾಲುಗಳು ಎಲ್ಲಿಗೋ ಹೋಗಿವೆ," ಎಂದಳು,
ದೂರಿನಂತಲ್ಲ, ಸುದ್ದಿಯಂತೆ.

ಬಾಯಿ ತೆರೆಯಿತು. ಕೊರೆಯುವ ಸದ್ದು.
ಮೂಲೆಯ ಸ್ಟೂಲಿನ ಮೇಲೆ ಐವತ್ತು ದಾಟಿದ ಗಂಡಸೊಬ್ಬ
ಕಣ್ಣು ಮುಚ್ಚಿ, ತನ್ನ ಬಾಯನ್ನೂ
ಅಷ್ಟೇ ಅಗಲ ತೆರೆದು ಕೂತಿದ್ದ.

ಕೊನೆಗೆ ಬರೀ ಆಕ್ಸಿಜನ್, ಐದು ನಿಮಿಷ.
ಕಾಲುಗಳು ವಾಪಸು ಬಂದವು.
ಕೈಗವಸು ತೊಡುವ ಮೊದಲು
ಮಾಸ್ಕನ್ನು ಅಪ್ಪನತ್ತ ಚಾಚಿದಳು:
ತಗೋ, ಇನ್ನೂ ಸ್ವಲ್ಪ ವಾಸನೆ ಉಳಿದಿದೆ.