ಬೀಗ ಬೇರೆ

ಸಿದ್ದಾಪುರದ ಸಂತೆಯ ದಿನ
ಮೊಯ್ದುವಿನ ಅಂಗಡಿಯ ಗಾಜಿನ ಕೆಳಗೆ
ಒಂದೇ ಮುಖದ ಎರಡು ಫೋನು.
ಬಲಗಡೆಯದ್ದು ಎಂಟೂವರೆ ಸಾವಿರ,
ಎಡಗಡೆಯದ್ದು ಮೂರು.
"ಎರಡೂ ಅದೇನಾ?" ಅಂದೆ.
"ಫೋನು ಅದೇ," ಅಂದ ಮೊಯ್ದು, "ಬೀಗ ಬೇರೆ."

ಎಡಗಡೆಯದ್ದು ತಗೊಂಡರೆ
ಎರಡು ವರ್ಷ ಆ ಕಂಪನಿಯದೇ ಸಿಮ್ಮು,
ತಿಂಗಳು ತಿಂಗಳು ಅವರು ಹೇಳಿದಷ್ಟು ದುಡ್ಡು.
ಬೇರೆ ಸಿಮ್ಮು ತೂರಿಸಿದರೆ ಬಾಯಿ ಬಿಡುವುದಿಲ್ಲ,
ಒಂದು ಕಂತು ತಪ್ಪಿತೋ
ಕಪ್ಪು ಪರದೆಯ ಮೇಲೆ ಕಂಪನಿಯ ನಂಬರು ಮಾತ್ರ.
ಇರುವೆಯಷ್ಟು ಸಣ್ಣ ಅಕ್ಷರದಲ್ಲಿದ್ದ ಇದನ್ನೆಲ್ಲ
ಮೊಯ್ದುವೇ ಓದಿ ಹೇಳಿದ.
ಎಡಗಡೆಯದ್ದು ಮಾರಿದರೆ ತನಗೆ ಕಮಿಷನ್ ಜಾಸ್ತಿ
ಅಂತಲೂ ಅವನೇ ಹೇಳಿದ.

ನಾನು ಓದಿದ್ದು ನಾಲ್ಕನೇ ಕ್ಲಾಸು.
ಲೆಕ್ಕ ಮಾತ್ರ ಬರುತ್ತದೆ.
ಕಿಲೋಗೆ ಐದು ರೂಪಾಯಿ;
ಎಂಟೂವರೆ ಸಾವಿರ ಅಂದರೆ
ಸಾವಿರದ ಏಳ್ನೂರು ಕಿಲೋ ಕಾಫಿ ಹಣ್ಣು.
ಅಷ್ಟು ಕುಯ್ಯುವಾಗ
ರವಿಕೆಯೊಳಗಿಳಿದ ಚಿಗಳಿ ಎಷ್ಟು,
ಅದನ್ನು ತಕ್ಕಡಿಗೆ ಯಾರೂ ಹಾಕುವುದಿಲ್ಲ.

ಅವ್ವ ಪಾಲೆ ಮದುವೆಯ ವರ್ಷ
ರೈಟರ ಹತ್ತಿರ ಮುನ್ನೂರು ರೂಪಾಯಿ ಮುಂಗಡ ತಗೊಂಡಿದ್ದಳು,
ಒಂದು ಮೂಗುಬಟ್ಟಿಗೆ, ಒಂದು ಕಂಬಳಿಗೆ.
ಆಮೇಲೆ ತಿತಿಮತಿಯ ಅಣ್ಣನ ಮನೆಗೆ ಹೋಗಲೂ
ರೈಟರನ್ನು ಕೇಳಬೇಕಿತ್ತು.
ಕಂಬಳಿ ಹರಿದುಹೋಯಿತು. ಮುಂಗಡ ಹರಿಯಲಿಲ್ಲ.
ನಮ್ಮ ಲೈನ್ ಮನೆಯ ಬಾಗಿಲಿಗೆ
ಬೀಗ ಇದ್ದ ನೆನಪೇ ನನಗಿಲ್ಲ.

ಮೂರು ತಿಂಗಳು ಸಕ್ಕರೆ ಡಬ್ಬಿಯಲ್ಲಿ ಕೂಡಿಟ್ಟು
ಬಲಗಡೆಯದ್ದನ್ನೇ ತಂದೆ.
ಅಷ್ಟರಲ್ಲಿ ತಮ್ಮ ಬೊಳಕ
ಎಡಗಡೆಯದ್ದನ್ನು ಜೇಬಿಗೆ ಹಾಕಿ ಆಗಿತ್ತು.
ನನಗಿಂತ ಮೊದಲು ಹಾಡು ಕೇಳಿದ,
ಮಗಳ ಮೊದಲ ಹಲ್ಲಿನ ಫೋಟೊ ಹಿಡಿದ.
ನಾನು ದುಡ್ಡು ಕೂಡಿಸಿ ಮುಗಿಸುವವರೆಗೆ
ಆ ಹಲ್ಲು ಒಂದೇ ಆಗಿ ಉಳಿಯುತ್ತಿತ್ತಾ?
ಅವನಿಗೆ ಬುದ್ಧಿ ಹೇಳಲು ಹೋಗಿ
ಬಾಯಿ ಮುಚ್ಚಿಕೊಂಡೆ.

ಆದರೆ ಅವನ ಕಂಪನಿಯ ಟವರು ಗುಡ್ಡದ ಆಚೆ,
ಪಾಲಿಬೆಟ್ಟದ ಕಡೆ ಮುಖ, ನಮ್ಮ ಇಳಿಜಾರಿಗೆ ಬೆನ್ನು.
ಇಲ್ಲಿ ಕಣದ ಹತ್ತಿರ ಒಂದು ಸಿಮ್ಮು ಹಿಡಿಯುತ್ತದೆ,
ತೋಡು ದಾಟಿದರೆ ಇನ್ನೊಂದು.
ನಾನು ಎರಡನ್ನೂ ಹಾಕಿಕೊಂಡಿದ್ದೇನೆ,
ಒಂದು ಬಿಸಿಲಿಗೆ, ಒಂದು ನೆರಳಿಗೆ ಅನ್ನುವ ಹಾಗೆ.

ಮೊನ್ನೆ ಬೆಳಗ್ಗೆ ಆರಕ್ಕೆ ಮೆಸೇಜು ಬಂತು:
ಆನೆ ಮೂರು, ಕೆರೆ ಬ್ಲಾಕಿನಲ್ಲಿ, ಮರಿ ಇದೆ.
ಬೊಳಕ ಚೀಲ ಹೆಗಲಿಗೆ ಹಾಕಿ
ಆಗಲೇ ಕೆರೆ ಬ್ಲಾಕಿಗೆ ಇಳಿದಿದ್ದ.
ಫೋನು ಮಾಡಿದೆ.
ಇಂಪಾದ ದನಿಯ ಹೆಂಗಸೊಬ್ಬಳು
ನೀವು ಕರೆ ಮಾಡಿದ ಚಂದಾದಾರರು
ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅಂದಳು.
ಹೊರಗೆಲ್ಲಿ? ನನಗೆ ಅವನ ಕೆಮ್ಮು ಕೇಳಿಸುತ್ತಿತ್ತು.
ಓಡಿದೆ, ಸಿಲ್ವರ್ ಮರದ ಕೆಳಗೆ ನಿಂತು
ಅವ್ವ ನಮ್ಮನ್ನು ಸಂಜೆ ಕರೆಯುತ್ತಿದ್ದ ಹಾಗೆ
ಉದ್ದಕ್ಕೆ ಕೂಗಿದೆ.
ಚೀಲ ಅಲ್ಲೇ ಬಿಟ್ಟು
ಬೇಲಿ ಬದಿಯಿಂದ ಹತ್ತಿ ಬಂದ.
"ನಿನ್ನ ಕಂಪನಿಗೆ ಸಿಗ್ನಲ್ ಚೆನ್ನಾಗಿದೆ ಅಕ್ಕ,"
ಅಂದ, ಏದುಸಿರು ಬಿಡುತ್ತ.

ಡಬ್ಬಿಯ ಜೊತೆ ಬಂದ ಸೂಜಿ
ತರಗೆಲೆಯಲ್ಲಿ ಬಿದ್ದು ಹೋಗಿದೆ.
ಬಳೆಗೆ ಸಿಕ್ಕಿಸಿದ ಪಿನ್ನು ಸಾಕು,
ಕಾಲಿನ ಮುಳ್ಳು ತೆಗೆಯುವುದೂ ಅದರಲ್ಲೇ.
ರಾತ್ರಿ ಅವನ ಫೋನಿಗೂ ಅದನ್ನೇ ಚುಚ್ಚಿದೆವು.
ತಟ್ಟೆ ಹೊರಗೆ ಬಂತು,
ನನ್ನದೊಂದು ಸಿಮ್ಮು ಕೂರಿಸಿದೆವು.
ಫೋನು ಸ್ವಲ್ಪ ಹೊತ್ತು ಯೋಚಿಸಿತು,
ಬೇಡ ಅಂದಿತು.

"ಇನ್ನು ಹದಿನಾಲ್ಕು ತಿಂಗಳು," ಅಂದ ಬೊಳಕ.
ತನ್ನ ಹತ್ತು ಬೆರಳೂ ಮಡಚಿ ಮುಗಿಸಿ
ನನ್ನ ಕೈ ಎಳೆದುಕೊಂಡು
ಉಳಿದ ನಾಲ್ಕನ್ನು ಎಣಿಸಿದ.