ಎಮ್ಮೆಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು
ನಕ್ಕು ಹೇಳುತ್ತೇವಲ್ಲ, ಆ ಗಾದೆ
ಬಿಸಾವಿನ ಕೆಂಪು ಧೂಳಿನಲ್ಲಿ
ಕಿಂಟಾಳ ಹಿಂದೆ ನಡೆಯುವಾಗ ಬಾಯಲ್ಲೇ ಒಣಗಿತು.

ಗುರುವಾರ ಹುಟ್ಟಿದ್ದಕ್ಕೆ ಕಿಂಟಾ. ಕೆಲಸ, ಮಕ್ಕಳನ್ನು ಎಣಿಸುವುದು.
ಗೇರುಮರದಡಿಯ ಒಂದೊಂದು ತಗಡಿನ ಬಾಗಿಲಲ್ಲೂ
ಅದೇ ಪ್ರಶ್ನೆ: ಇದ್ದಾನಾ? ಇದ್ದಾಳಾ?
ಆಮೇಲೆ ಎಡತೋಳು ಹಿಡಿದು ಬೆಳಕಿಗೆ ತಿರುಗಿಸಿ
ಹೆಸರುಕಾಳಿನಷ್ಟು ಒಂದು ಕಲೆ ಹುಡುಕುತ್ತಾಳೆ.

ಕ್ಷಯಕ್ಕೆಂದು ಚುಚ್ಚಿದ್ದು ಅದು.
ಆದರೆ ಅವಳ ದಪ್ಪ ಪುಸ್ತಕದಲ್ಲಿ
ಕಲೆಯಿದ್ದ ಕೂಸುಗಳು
ಕ್ಷಯವಲ್ಲದ್ದನ್ನೂ ದಾಟಿ ಬಂದಿವೆ:
ನಂಜೇರಿದ ಹೊಕ್ಕುಳು, ಮಳೆಗಾಲದ ಉಬ್ಬಸ,
ಹೆಸರಿಡುವ ಮೊದಲೇ ಬರುವ ಹೆಸರಿಲ್ಲದ ಜ್ವರ.
ಎಲ್ಲವೂ ಅಲ್ಲ. ಹೆಚ್ಚು ಕೂಸುಗಳು, ಅಷ್ಟೆ.

ಹೇಗೆ, ಎಂದೆ. ಕಿಂಟಾ ಗದ್ದೆ ತೋರಿಸಿದಳು.
ಉಪ್ಪುನೀರಿಗೆ ಒಡ್ಡು ಕಟ್ಟಿದ ಗದ್ದೆ, ತೆನೆ ಬಾಗಿದ ಕಾಲ,
ಅಟ್ಟಣಿಗೆಯ ಮೇಲೆ ಕವಣೆ ಹಿಡಿದ ಹುಡುಗ.
"ಹಕ್ಕಿ ಬಂದರೆ ಕೂಗು ಅಂತ ಕೂರಿಸಿದ್ದು.
ಒಮ್ಮೆ ನಿದ್ದೆಗೆಟ್ಟವನು
ಕೋತಿ ಬಂದರೂ ಕೂಗುತ್ತಾನೆ.
ಗಾಳಿಗೂ ಕೂಗಿ ಗಂಟಲು ಕಟ್ಟಿಸಿಕೊಳ್ಳುವವರು ಇದ್ದಾರೆ,
ಅದನ್ನೂ ಬರೆ."

ನ್ಯಿಮಾಳ ಬಾಗಿಲಲ್ಲಿ ಅವಳು ಪ್ರಶ್ನೆ ಕೇಳಲಿಲ್ಲ.
ಮಗಳನ್ನು ಎರಡು ಸೋಮವಾರ ಹೊತ್ತು ಹೋಗಿದ್ದಳು ನ್ಯಿಮಾ.
ಒಂದು ಸೀಸೆಯಲ್ಲಿ ಇಪ್ಪತ್ತು ಕೂಸಿಗಾಗುವಷ್ಟು ಮದ್ದು;
ಹನ್ನೆರಡಾದರೂ ಸೇರದೆ ಒಡೆಯುವಂತಿಲ್ಲ,
ಸಂಜೆಗೆ ಉಳಿದದ್ದು ಚೆಲ್ಲಬೇಕು, ದಂಡ.
ಮೊದಲ ಸಲ ಒಂಬತ್ತು. ಮರುವಾರ ಏಳು.
ಮೂರನೆಯ ಸೋಮವಾರಕ್ಕೆ ಹೊರಲು ಏನೂ ಇರಲಿಲ್ಲ.
ಕೆಮ್ಮು ಎನ್ನುತ್ತಾಳೆ. ಕ್ಷಯವಲ್ಲ, ಬರಿಯ ಕೆಮ್ಮು.

ಒಂದು ಮನೆ ಸಾಕ್ಷಿಯಾಗುವುದಿಲ್ಲ, ಕಿಂಟಾಗೆ ಗೊತ್ತು.
ಸಾವಿರ ಬಾಗಿಲು ಬೇಕು. ಸಾವಿರವಾದ ಮೇಲೂ
ಇನ್ನೊಂದು ಊರಿನ ಲೆಕ್ಕ ಇನ್ನೊಂದು ಹೇಳೀತು.
ಪುಸ್ತಕದಲ್ಲಿ ಅಡ್ಡಗೆರೆ ಎಳೆದಳು,
ಶಾಯಿ ಒಣಗಲೆಂದು ಊದಿದಳು,
ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು.

ಮುಂದಿನ ಸೋಮವಾರ ಹೊತ್ತು ಮೂಡುವ ಮೊದಲೇ
ಬೆನ್ನಿಗೊಂದು, ಕಂಕುಳಿಗೊಂದು,
ತನ್ನದಲ್ಲದ ಎರಡು ಕೂಸು ಕಟ್ಟಿಕೊಂಡು
ಬಾಗಿಲು ಬಡಿಯುತ್ತಾ ಹೊರಟಿದ್ದಳು;
ಹಿಂದೆ ನಿದ್ದೆಗಣ್ಣಿನ ತಾಯಂದಿರ ಸಾಲು.

ದಾದಿ ಎಣಿಸಿದಳು. ಹನ್ನೊಂದು.
ಕಿಂಟಾಳ ಮುಖ ನೋಡಿ
ಮತ್ತೆ ಎಣಿಸಿದಳು.
ಸಾಲಿನ ಕೊನೆಗೆ ನ್ಯಿಮಾ ನಿಂತಿದ್ದಳು, ಬರಿಗೈಯಲ್ಲಿ.

ಟಕ್ಕೆಂದು ಸೀಸೆಯ ಕೊರಳು ಮುರಿದ ಸದ್ದು.